ನಿರ್ಧಾರ ನಿಮ್ಮದೇ ಎಂದಾಗ



ಕಳೆದ ತಿಂಗಳ ಒಂದು ಭಾನುವಾರ. ಹಿಂದೂಪುರದಲ್ಲಿ ಕನ್ನಡ ಬಲಿಪೂಜೆ ಮುಗಿದಿತ್ತು. ಯುವಜನರ ಸಭೆಗೆಂದು ಕುರ್ಚಿಗಳನ್ನು ಜೋಡಿಸುತ್ತಿದ್ದೆ. ನಮ್ಮ ಧರ್ಮಕೇಂದ್ರದ ಅಕ್ಕ ಒಬ್ಬರು ಬಂದು ಪಕ್ಕದಲ್ಲಿ ನಿಂತರು. ಅವರಿಗೆ ಮೂವತ್ತನಾಲ್ಕು ವರ್ಷ, ಇಬ್ಬರು ಮಕ್ಕಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳಿದರು:

"ಏನಮ್ಮಾ, ನೀನು ಬಿಎಸ್ಸಿ ಓದಿದ್ದೀಯಲ್ಲ, ಒಂದು ವಿಷಯ ಹೇಳು. ಗರ್ಭಕೋಶದ ಕ್ಯಾನ್ಸರ್ ಬರದ ಹಾಗೆ ಒಂದು ಲಸಿಕೆ ಇದೆಯಂತಲ್ಲ, ಮಗಳಿಗೆ ಹಾಕಿಸೋಣ ಅಂತ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮಗಳಿಗೆ ಖಂಡಿತ ಹಾಕಿಸಿ ಅಂದರು. ನನಗೂ ಹಾಕ್ತೀರಾ ಅಂದೆ. ನಿಮ್ಮ ವಯಸ್ಸಿಗೆ ಹಾಕಿಸಲೇಬೇಕು ಅಂತ ಇಲ್ಲ, ನಿರ್ಧಾರ ನಿಮ್ಮದೇ ಅಂದರು. ಮನೇಲಿ ಬಂದು ಹೇಳಿದರೆ ನಮ್ಮ ಯಜಮಾನರು, ಯಾರ ಮೇಲೆ ಅನುಮಾನ ನಿನಗೆ ಅಂದುಬಿಟ್ಟರು. ಅಲ್ಲಿಗೆ ಮಾತು ನಿಂತುಹೋಯ್ತು."

ಲಸಿಕೆಯ ವಿಷಯ ನನಗೆ ತಿಳಿದಷ್ಟು ಹೇಳಿದೆ. ಆದರೆ ಅವರ ಯಜಮಾನರ ಪ್ರಶ್ನೆಗೆ ಏನು ಉತ್ತರ ಹೇಳಬೇಕೆಂದು ಆಗ ತೋಚಲಿಲ್ಲ. ನನಗೂ ಈಗ ಇಪ್ಪತ್ತಾರು ವರ್ಷ, ಇನ್ನು ಕೆಲವು ತಿಂಗಳಿಗೆ ಇಪ್ಪತ್ತೇಳು. ಈ ಲಸಿಕೆಯ ಮಟ್ಟಿಗೆ ಅದೇ ಗಡಿ. ಹಾಗಾಗಿ ಅಕ್ಕನ ಪ್ರಶ್ನೆ ನನ್ನದೂ ಆಯಿತು. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಿಷಯ ತಿಳಿದುಕೊಳ್ಳೋಣ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಹುಮಟ್ಟಿಗೆ ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ಈ ಕ್ಯಾನ್ಸರಿನ ಸುಮಾರು 70 ಶೇಕಡಾಕ್ಕೆ ಕಾರಣ. ವೈರಸ್ ದೈಹಿಕ ಸಂಬಂಧದಿಂದ ಹರಡುತ್ತದೆ. ಮದುವೆಯಾದ ಬಹುಪಾಲು ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಒಮ್ಮೆಯಾದರೂ ಇದು ತಗುಲುವುದು ಸಾಮಾನ್ಯ. ಸಾಮಾನ್ಯವಾಗಿ ಎರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು, ಹತ್ತಿಪ್ಪತ್ತು ವರ್ಷಗಳಲ್ಲಿ ಕ್ಯಾನ್ಸರಾಗಿ ತಿರುಗುತ್ತದೆ. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1,27,000 ಹೆಂಗಸರಲ್ಲಿ ಈ ರೋಗ ಹೊಸದಾಗಿ ಕಂಡುಬಂತು, ಸುಮಾರು 80,000 ಮಂದಿ ತೀರಿಕೊಂಡರು.

ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ. ಈಗಾಗಲೇ ಒಳಗಿರುವ ಸೋಂಕನ್ನು ಅದು ಓಡಿಸುವುದಿಲ್ಲ. ಆದ್ದರಿಂದಲೇ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ಲಸಿಕಾ ಸಲಹಾ ಸಮಿತಿ 2019ರಲ್ಲಿ ಹೀಗೆ ಹೇಳಿತು: ಹಿಂದೆ ಹಾಕಿಸಿಕೊಳ್ಳದವರು 26 ವರ್ಷದವರೆಗೆ ಹಾಕಿಸಿಕೊಳ್ಳಲಿ, 27ರಿಂದ 45 ವರ್ಷದವರಿಗೆ ಎಲ್ಲರಿಗೂ ಎಂದು ಶಿಫಾರಸು ಮಾಡುವುದಿಲ್ಲ, ವೈದ್ಯರೂ ವ್ಯಕ್ತಿಯೂ ಕೂತು ಮಾತಾಡಿ ತೀರ್ಮಾನಿಸಲಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ನಮ್ಮ ದೇಶದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದ್ದೂ 9ರಿಂದ 26 ವರ್ಷದವರಿಗೇ, ಹೆಣ್ಣಿಗೂ ಗಂಡಿಗೂ. ಡಾಕ್ಟರಮ್ಮ ಅಕ್ಕನಿಗೆ ಹೇಳಿದ ಮಾತು ಸರಿಯಾಗಿಯೇ ಇತ್ತು. ನಲವತ್ತರ ಹತ್ತಿರದವರಿಗೆ ಪ್ರಯೋಜನ ಇಲ್ಲವೇ ಇಲ್ಲ ಎಂದಲ್ಲ. ಆದರೆ ಅದು ಕಡಿಮೆ, ಮತ್ತು ಒಬ್ಬೊಬ್ಬರಿಗೆ ಒಂದೊಂದು ಥರ.

ಈಗ ಆ ಯಜಮಾನರ ಪ್ರಶ್ನೆಗೆ ಬರೋಣ. ಅದನ್ನು ಕೆಟ್ಟ ಮನಸ್ಸಿನ ಪ್ರಶ್ನೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ಒಂದು ನೋವಿದೆ. ದೇವರ ಮುಂದೆ, ಸಭೆಯ ಮುಂದೆ ಕೈ ಹಿಡಿದು ಮಾತು ಕೊಟ್ಟವರಿಗೆ ಆ ಮಾತನ್ನೇ ಯಾರೋ ತೂಗಿ ನೋಡಿದಂತೆ ಅನ್ನಿಸಿರಬಹುದು. ಇನ್ನೊಂದು ನಿಜವನ್ನೂ ಮುಚ್ಚಿಡಬಾರದು. ದೊಡ್ಡವರಿಗೆ ಲಸಿಕೆ ಬೇಕೇ ಎಂದು ನೋಡುವಾಗ, ಮುಂದೆ ಹೊಸ ಸೋಂಕು ತಗುಲುವ ಸಾಧ್ಯತೆ ಎಷ್ಟು ಎಂಬುದನ್ನು ವೈದ್ಯರು ಲೆಕ್ಕ ಹಾಕಲೇಬೇಕು. ಪರಸ್ಪರ ನಿಷ್ಠೆಯಿಂದ ಬಾಳುವ ದಂಪತಿಗೆ ಆ ಸಾಧ್ಯತೆ ಕಡಿಮೆ. ಅಷ್ಟರ ಮಟ್ಟಿಗೆ ಯಜಮಾನರ ಮಾತಿನಲ್ಲಿ ಅರ್ಥವಿದೆ.

ಅವರ ಮಾತು ದಾರಿ ತಪ್ಪುವುದು ಎಲ್ಲಿ? ರೋಗದ ಮಾತು ಎತ್ತಿದರೆ ನಡತೆಯ ಮಾತು ಎತ್ತಿದಂತೆ ಎಂದುಕೊಂಡಲ್ಲಿ. ಈ ತಪ್ಪು ಬಹಳ ಹಳೆಯದು. 1842ರಲ್ಲಿ ಇಟಲಿಯ ಡೊಮೆನಿಕೊ ರಿಗೋನಿ ಸ್ಟರ್ನ್ ಎಂಬ ವೈದ್ಯರು ವೆರೋನಾ ಪಟ್ಟಣದ ಮರಣ ದಾಖಲೆಗಳನ್ನು ನೋಡಿ ಒಂದು ವಿಷಯ ಬರೆದರು. ಗರ್ಭಕೋಶದ ಕ್ಯಾನ್ಸರಿನಿಂದ ಸತ್ತವರಲ್ಲಿ ಮದುವೆಯಾದವರೇ ಹೆಚ್ಚು, ಕನ್ಯಾಮಠದ ಸಿಸ್ಟರ್‌ಗಳಲ್ಲಿ ಅದು ತೀರಾ ಅಪರೂಪ. ಈ ಗಮನಿಕೆಯಿಂದ ಮುಂದೆ ಎರಡು ದಾರಿಗಳು ಹುಟ್ಟಿದವು. ಒಂದು ವಿಜ್ಞಾನದ ದಾರಿ. ಸಂಬಂಧದಿಂದ ಏನೋ ಒಂದು ಹರಡುತ್ತಿರಬೇಕು ಎಂದು ಹುಡುಕುತ್ತಾ ಹೋಗಿ, ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ 1980ರ ದಶಕದಲ್ಲಿ ಈ ವೈರಸ್‌ಗಳನ್ನು ಕ್ಯಾನ್ಸರ್ ಗಡ್ಡೆಗಳಲ್ಲಿ ಕಂಡುಹಿಡಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಇನ್ನೊಂದು ನಾಚಿಕೆಯ ದಾರಿ. ಸಿಸ್ಟರ್‌ಗಳಿಗೆ ಬರುವುದಿಲ್ಲ ಎಂದರೆ ಇದು ಕೆಟ್ಟವರ ರೋಗ ಎಂದು ಜನ ತೀರ್ಮಾನಿಸಿದರು. ವೆರೋನಾದ ದಾಖಲೆಯಲ್ಲಿದ್ದ ಇನ್ನೊಂದು ಮಾತನ್ನು ಅವರು ಮರೆತರು: ಈ ರೋಗದಿಂದ ಸತ್ತವರಲ್ಲಿ ಹೆಚ್ಚಿನವರು ಗೃಹಿಣಿಯರು. ಒಬ್ಬರನ್ನೇ ಮದುವೆಯಾಗಿ, ಅವರೊಬ್ಬರ ಜೊತೆಗೇ ಬಾಳಿದ ಹೆಂಗಸಿಗೂ ಇದು ಬರಬಹುದು. ಮದುವೆಗೆ ಹತ್ತು ವರ್ಷ ಹಿಂದೆ ಸಂಗಾತಿಗೆ ತಗುಲಿದ್ದು ಅವರಿಗೇ ಗೊತ್ತಿಲ್ಲದೆ ಇರಬಹುದು. ವೈರಸ್ ಇದೆ ಎಂದ ಮಾತ್ರಕ್ಕೆ ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ವೈದ್ಯರೂ ಹೇಳಲಾರರು. ಹೀಗಿರುವಾಗ ಅದನ್ನು ಸಾಕ್ಷಿಯಾಗಿಟ್ಟುಕೊಂಡು ಯಾರ ನಡತೆಯನ್ನೂ ತೀರ್ಪು ಮಾಡುವುದು ನ್ಯಾಯವಲ್ಲ.

ಮತ್ತೊಂದು ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಗಂಡ ಬೆಂಗಳೂರಿನಲ್ಲಿ ದುಡಿದು ತಿಂಗಳಿಗೊಮ್ಮೆ ಬರುತ್ತಾನೆ. ಅವರಲ್ಲಿ ಹೆಚ್ಚಿನವರು ಮನೆಯವರನ್ನೇ ನೆನೆದು ದುಡಿಯುವವರು. ಆದರೂ ಎಲ್ಲೋ ಒಬ್ಬ ಹೆಂಡತಿಗೆ ನಿಜವಾಗಿಯೇ ಭಯಪಡುವ ಕಾರಣ ಇರಬಹುದು. ಅವಳು ರಕ್ಷಣೆ ಕೇಳಬೇಕಾದರೆ ಮೊದಲು ಗಂಡನ ಮೇಲೆ ಆರೋಪ ಹೊರಿಸಬೇಕು ಎಂಬ ಸ್ಥಿತಿಯನ್ನು ನಾವು ಮಾಡಿಟ್ಟರೆ, ಅವಳು ಸುಮ್ಮನಾಗುತ್ತಾಳೆ. ಲಸಿಕೆ ಕೇಳುವುದನ್ನು ಅನುಮಾನದ ಗುರುತಾಗಿ ಮಾಡಿದರೆ, ಅದರಿಂದ ಹೆಚ್ಚು ಕಷ್ಟಪಡುವವಳು ಅವಳೇ. ಕಾರಣ ಹೇಳದೆ ಕೇಳುವ ಹಕ್ಕು ಎಲ್ಲ ಹೆಂಗಸರಿಗೂ ಇದ್ದರೆ ಮಾತ್ರ ಅವಳಿಗೂ ಇರುತ್ತದೆ.

ನಾಚಿಕೆ ಏನು ಮಾಡುತ್ತದೆಂದು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ದೊಡ್ಡಮ್ಮ ಕಲ್ಯಾಣದುರ್ಗದಲ್ಲಿದ್ದರು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಒಂದು ವರ್ಷ ಯಾರಿಗೂ ಹೇಳಲಿಲ್ಲ. ಕಲ್ಯಾಣದುರ್ಗದಲ್ಲಿ ಆಸ್ಪತ್ರೆ ಇರಲಿಲ್ಲವೆಂದಲ್ಲ. 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಅವರ ಆರ್‌ಡಿಟಿ ಸಂಸ್ಥೆ ಆ ಊರಿನಲ್ಲೇ ಆಸ್ಪತ್ರೆ ಕಟ್ಟಿದೆ. ಬಾಗಿಲು ತೆರೆದೇ ಇತ್ತು, ದೊಡ್ಡಮ್ಮ ಒಳಗೆ ಕಾಲಿಡಲಿಲ್ಲ. ಸೊಂಟ ನೋವು ಎಂದು ಮಾತ್ರೆ ನುಂಗುತ್ತಾ ಇದ್ದರು. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋದಾಗ ರೋಗ ಮೂತ್ರಕೋಶದವರೆಗೆ ಹಬ್ಬಿತ್ತು. "ಯಾಕೆ ದೊಡ್ಡಮ್ಮ ಹೇಳಲಿಲ್ಲ?" ಅಂತ ಕೇಳಿದೆ. "ಏನಂತ ಹೇಳಲಿ ಮಗಾ, ಜನ ಏನಂದುಕೊಳ್ತಾರೆ" ಅಂದರು. ಪ್ರತಿ ಸಂಜೆ ಜಪಸರ ತಪ್ಪಿಸದ ಹೆಂಗಸು ಅವರು. ಅವರ ಬಗ್ಗೆ ಯಾರು ಏನು ಅಂದುಕೊಳ್ಳುತ್ತಿದ್ದರು? ಆದರೂ ಆ ಭಯವೇ ಗೆದ್ದಿತು.

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿನ ಪ್ರಸಂಗವಿದೆ. ಅವಳು ಕೈಯಲ್ಲಿದ್ದುದನ್ನೆಲ್ಲ ವೈದ್ಯರಿಗೆ ಸುರಿದಿದ್ದಳು. ಗುಂಪಿನಲ್ಲಿ ಹಿಂದಿನಿಂದ ಬಂದು ಯೇಸುಸ್ವಾಮಿಯ ಉಡುಪನ್ನು ಮುಟ್ಟಿದಳು. ಗುಣವಾಯಿತು. ಅವಳು ಹಾಗೆಯೇ ಹೋಗಿಬಿಡಬಹುದಿತ್ತು. ಆದರೆ ಸ್ವಾಮಿ ನಿಂತು, ಮುಟ್ಟಿದವರು ಯಾರೆಂದು ಕೇಳಿದರು. ಅವಳು ನಡುಗುತ್ತಾ ಬಂದು ನಡೆದುದನ್ನೆಲ್ಲ ಹೇಳಿದಳು. ಅವಳನ್ನು ಅವಮಾನ ಮಾಡಲು ಅವರು ಕರೆಯಲಿಲ್ಲ. ಮಗಳೇ ಎಂದು ಕರೆದು ಸಮಾಧಾನದಿಂದ ಕಳಿಸಿದರು. ರಕ್ತ ನಿಂತರೆ ಸಾಲದು, ಮುಚ್ಚಿಟ್ಟುಕೊಳ್ಳುವ ಬಾಳೂ ನಿಲ್ಲಬೇಕೆಂದು ಸ್ವಾಮಿಗೆ ಅನ್ನಿಸಿರಬೇಕು. ದೊಡ್ಡಮ್ಮನನ್ನು ನೆನೆದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ಇನ್ನು "ನಿರ್ಧಾರ ನಿಮ್ಮದೇ" ಎಂಬ ಮಾತು. ಇದನ್ನು ಕೇಳಿದಾಗ ಅಕ್ಕನಿಗೆ ಕೈಬಿಟ್ಟ ಹಾಗೆ ಅನ್ನಿಸಿತಂತೆ. ಆದರೆ ಈ ಮಾತಿಗೆ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ನಮ್ಮದೇ ಆಂಧ್ರಪ್ರದೇಶದಲ್ಲಿ ನಡೆದ ಒಂದು ಘಟನೆಯನ್ನು ನೆನೆಯಬೇಕು. 2009ರ ಜುಲೈಯಲ್ಲಿ ಆಗಿನ ಅವಿಭಜಿತ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಪಾತ್ ಎಂಬ ಅಮೆರಿಕದ ಸಂಸ್ಥೆ, ಐಸಿಎಂಆರ್ ಮತ್ತು ರಾಜ್ಯ ಸರ್ಕಾರ ಸೇರಿ 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಇದೇ ಲಸಿಕೆ ಹಾಕಿದರು. ಗುಜರಾತಿನ ವಡೋದರಾದಲ್ಲೂ ಹೀಗೇ ನಡೆಯಿತು. ಖಮ್ಮಂನ ಮಕ್ಕಳಲ್ಲಿ ಬಹಳ ಮಂದಿ ಬುಡಕಟ್ಟಿನವರು, ಆಶ್ರಮಶಾಲೆಯ ಹಾಸ್ಟೆಲುಗಳಲ್ಲಿದ್ದವರು. ಎರಡೂ ಕಡೆ ಸೇರಿ ಏಳು ಮಕ್ಕಳು ಸತ್ತ ಸುದ್ದಿ ಬಂದು, 2010ರ ಏಪ್ರಿಲಿನಲ್ಲಿ ಕೆಲಸ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಾಗಿರುವ ಸಂಭವ ಇಲ್ಲವೆಂದೇ ಸರ್ಕಾರಿ ವಿಚಾರಣೆ ಹೇಳಿತು. ಒಂದು ಮಗು ನೀರಿನಲ್ಲಿ ಮುಳುಗಿತ್ತು, ಇನ್ನೊಂದಕ್ಕೆ ಹಾವು ಕಚ್ಚಿತ್ತು. ಆದರೆ ವಿಚಾರಣೆಯಲ್ಲಿ ಬೇರೊಂದು ತಪ್ಪು ಬಯಲಾಯಿತು. ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 1,948ರಲ್ಲಿ ಬರೀ ಹೆಬ್ಬೆಟ್ಟಿತ್ತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಕಟುವಾಗಿ ಖಂಡಿಸಿತು.

ಒಳ್ಳೆಯ ಲಸಿಕೆಯನ್ನೇ ಕೊಟ್ಟಿರಬಹುದು. ಆದರೆ ಕೇಳದೆ ಕೊಟ್ಟರು. ಬಡವರ ಮಕ್ಕಳು, ಕಾಡಿನ ಮಕ್ಕಳು, ಅವರನ್ನು ಕೇಳುವುದೇನು ಎಂದುಕೊಂಡರು. ಅದರಿಂದ ಹುಟ್ಟಿದ ಅಪನಂಬಿಕೆ ವರ್ಷಗಟ್ಟಲೆ ಉಳಿಯಿತು, ಲಸಿಕೆ ಬೇಕಾಗಿದ್ದ ಹೆಣ್ಣುಮಕ್ಕಳಿಗೂ ತಲುಪಲಿಲ್ಲ. ಮನುಷ್ಯರನ್ನು ಬರೀ ಲೆಕ್ಕವಾಗಿ ಕಂಡರೆ, ಅವರಿಗೆ ಮಾಡಹೊರಟ ಒಳ್ಳೆಯದೂ ಕೆಡುತ್ತದೆ. ಹೀಗೆ ನೋಡಿದರೆ "ನಿರ್ಧಾರ ನಿಮ್ಮದೇ" ಎಂಬುದು ಕೈಬಿಟ್ಟ ಮಾತಲ್ಲ, ಖಮ್ಮಂನ ಮಕ್ಕಳಿಗೆ ಸಿಗದೇ ಹೋದ ಗೌರವ.

ಆದರೆ ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕು: ನಮ್ಮ ಮನೆಗಳಲ್ಲಿ ನಮ್ಮ ಪರವಾಗಿ ಸಹಿ ಹಾಕುವವರು ಯಾರು? ಒಮ್ಮೊಮ್ಮೆ ಗಂಡ, ಒಮ್ಮೊಮ್ಮೆ ಅತ್ತೆ. ದೊಡ್ಡಮ್ಮನ ಪರವಾಗಿ ಸಹಿ ಹಾಕಿದ್ದು ನಾಚಿಕೆ. ನಮ್ಮ ಧರ್ಮಸಭೆ ಆತ್ಮಸಾಕ್ಷಿಯನ್ನು ಮನುಷ್ಯನು ದೇವರೊಂದಿಗೆ ಏಕಾಂತದಲ್ಲಿರುವ ಜಾಗ ಎಂದು ಕಾಣುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಆ ಜಾಗಕ್ಕೆ ಬೇರೆಯವರು ನುಗ್ಗಬಾರದು. ಹಾಗೆಂದು ಆತ್ಮಸಾಕ್ಷಿ ಎಂದರೆ ಮನಸ್ಸಿಗೆ ಬಂದದ್ದಲ್ಲ. ಅದಕ್ಕೆ ತಿಳಿವಳಿಕೆ ಕೊಡಬೇಕಾದ ಹೊಣೆ ನಮ್ಮದೇ.

ತಿಳಿವಳಿಕೆ ಎಂದರೆ ಭಾಷೆಯ ಮಾತೂ ಬರುತ್ತದೆ. ನಮ್ಮ ಧರ್ಮಪ್ರಾಂತ್ಯದಲ್ಲಿ ತೆಲುಗು ದೊಡ್ಡ ಭಾಷೆ, ನಾವು ಕನ್ನಡದವರು ಕಡಿಮೆ. ತರಕಾರಿ ಕೊಳ್ಳಲು, ಬಸ್ಸು ಹತ್ತಲು ನಮ್ಮ ತೆಲುಗು ಸಾಕು. ಆದರೆ ಒಳಗಿನ ನೋವನ್ನು ಹೇಳಲು, ವೈದ್ಯರ "ಬಹುಶಃ" ಮತ್ತು "ಖಂಡಿತ"ಗಳ ವ್ಯತ್ಯಾಸ ತಿಳಿಯಲು ಮನೆಯ ಮಾತೇ ಬೇಕಾಗುತ್ತದೆ. ಅರ್ಧ ಅರ್ಥವಾದ ಮಾತಿಗೆ ತಲೆಯಾಡಿಸಿ ಬಂದರೆ ಆ ಒಪ್ಪಿಗೆಯೂ ಹೆಬ್ಬೆಟ್ಟಿನ ಒಪ್ಪಿಗೆಯೇ. ಆದ್ದರಿಂದ ಅಕ್ಕ ಮತ್ತೆ ಹೋಗುವಾಗ ನಾನೂ ಜೊತೆಗೆ ಹೋದೆ. ನಮ್ಮ ಯುವಜನರು ಮಾಡಬಹುದಾದ ಸೇವೆ ಇದು: ಜೊತೆಗೆ ಹೋಗುವುದು, ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದು, ಹೊರಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡಿರುವುದು. ಮೂರನೆಯದು ಮುಖ್ಯ.

ನಿರ್ಧಾರದಲ್ಲಿ ಹಣವೂ ಒಂದು ನೈತಿಕ ಪ್ರಶ್ನೆ. ಸರ್ವಾವ್ಯಾಕ್ ಮಾರುಕಟ್ಟೆಗೆ ಬಂದಾಗ ಖಾಸಗಿಯಲ್ಲಿ ಒಂದು ಡೋಸಿಗೆ ಸುಮಾರು 2,000 ರೂಪಾಯಿ ಇತ್ತು. 15 ವರ್ಷ ದಾಟಿದವರಿಗೆ ಮೂರು ಡೋಸ್. ಹೊರದೇಶದ ಲಸಿಕೆಗಳ ಬೆಲೆ ಇದಕ್ಕಿಂತ ಹೆಚ್ಚು. ಒಂದು ಮನೆಯಲ್ಲಿ ಅಷ್ಟು ಹಣ ಒಬ್ಬರಿಗೆ ಮಾತ್ರ ಇದ್ದರೆ ಯಾರಿಗೆ? ನನ್ನ ಉತ್ತರ ಹನ್ನೆರಡು ವರ್ಷದ ಮಗಳಿಗೆ. ಅವಳಿಗೆ ಪ್ರಯೋಜನ ಎಲ್ಲಕ್ಕಿಂತ ಹೆಚ್ಚು. ತಾಯಂದಿರು ತಮಗೆಂದು ಏನೂ ಮಾಡಿಕೊಳ್ಳುವುದಿಲ್ಲ, ಇಲ್ಲೂ ಬಿಟ್ಟುಕೊಡಬೇಕೇ ಎಂದು ನೀವು ಕೇಳಬಹುದು. ಇಲ್ಲ. ಮೂವತ್ತು ದಾಟಿದ ತಾಯಿಗೆ ಲಸಿಕೆಗಿಂತ ಮೊದಲು ಬೇಕಾದದ್ದು ತಪಾಸಣೆ. ನಮ್ಮ ದೇಶದ ಕಾರ್ಯಕ್ರಮದಲ್ಲೇ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಎಂದು ಇದೆ. ಗರ್ಭಕೋಶದ ಬಾಯಿಗೆ ವಿನೆಗರಿನಂಥ ತೆಳು ದ್ರಾವಣ ಹಚ್ಚಿ ನೋಡುತ್ತಾರೆ. ಕೆಡುತ್ತಿರುವ ಜಾಗ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಆಗುವ ಮೊದಲೇ ಅದನ್ನು ತೆಗೆದುಹಾಕಬಹುದು. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಹೆಂಗಸರ ಪೈಕಿ ಈ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಲಸಿಕೆ ಹಾಕಿಸಿಕೊಂಡವರೂ ವಯಸ್ಸು ಬಂದಾಗ ತಪಾಸಣೆ ಬಿಡಬಾರದು, ಏಕೆಂದರೆ ಲಸಿಕೆ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ.

ನಮ್ಮವರಲ್ಲಿ ಕೇಳಿಬರುವ ಎರಡು ಸಂದೇಹಗಳನ್ನೂ ಹೇಳಿಬಿಡುತ್ತೇನೆ. ಗರ್ಭಪಾತದ ಭ್ರೂಣದ ಕೋಶಗಳಿಂದ ಇದನ್ನು ಮಾಡುತ್ತಾರಂತೆ ಎಂದು ಒಬ್ಬರು ಕೇಳಿದರು. ಇಲ್ಲ. ಸರ್ವಾವ್ಯಾಕ್, ಗಾರ್ಡಸಿಲ್ ಎರಡನ್ನೂ ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ಗಾರ್ಡಸಿಲ್‌ಗೆ ಬಳಸುವುದು ಬ್ರೆಡ್ಡಿನ ಹಿಟ್ಟು ಉಬ್ಬಿಸಲು ಹಾಕುವ ಯೀಸ್ಟ್‌ನ ಜಾತಿಯೇ. ಇನ್ನೊಂದು, ಮಕ್ಕಳಿಗೆ ಇದನ್ನು ಹಾಕಿದರೆ ಶೀಲದ ಪಾಠ ಸಡಿಲವಾಗುವುದಿಲ್ಲವೇ ಎಂಬುದು. ಕೆನಡಾದ ಕ್ಯಾಲ್ಗರಿಯ ಕಥೋಲಿಕ ಶಾಲಾ ಮಂಡಳಿ ಇದೇ ಕಾರಣಕ್ಕೆ 2008ರಲ್ಲಿ ತನ್ನ ಶಾಲೆಗಳಲ್ಲಿ ಲಸಿಕೆ ಬೇಡವೆಂದಿತು. ಬಹಳ ಚರ್ಚೆಯ ಬಳಿಕ 2012ರಲ್ಲಿ ಬಾಗಿಲು ತೆರೆಯಿತು. ನನಗನ್ನಿಸುವುದು ಇಷ್ಟೇ. ಕ್ಯಾನ್ಸರಿನ ಭಯದಿಂದ ಕಾಪಾಡಿಕೊಂಡ ಶೀಲ ಭಯದ್ದೇ ಹೊರತು ಪ್ರೀತಿಯದಲ್ಲ. ಮಕ್ಕಳಿಗೆ ಶೀಲ ಕಲಿಸಬೇಕಾದದ್ದು ನಮ್ಮ ಬಾಳು, ಒಂದು ರೋಗವಲ್ಲ. ಸನ್ನಡತೆಯ ಮಗಳಿಗೂ ಮುಂದೆ ಮದುವೆಯಾಗುತ್ತದೆ, ವೈರಸ್ ಅವಳ ಸನ್ನಡತೆಯನ್ನು ನೋಡಿ ಹಿಂದೆ ಸರಿಯುವುದಿಲ್ಲ.

ನಾನು ತೀರ್ಮಾನ ಮಾಡಿದ್ದೇನೆ. ಇಪ್ಪತ್ತೇಳು ತುಂಬುವ ಮೊದಲು ಮೊದಲ ಡೋಸ್ ಹಾಕಿಸಿಕೊಳ್ಳುತ್ತೇನೆ. ಮನೆಯಲ್ಲಿ ಅಮ್ಮ "ಮದುವೆಗೆ ಮುಂಚೆ ಇದೆಲ್ಲ ಯಾಕೆ" ಅಂದರು. "ಮುಂಚೆಯೇ ಹಾಕಿಸಿಕೊಳ್ಳಬೇಕಾದದ್ದಮ್ಮ" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ದೊಡ್ಡಮ್ಮನಿಗೆ ಇದು ಇರಲಿಲ್ಲವಲ್ಲ" ಅಂದರು. ಆ ವಾರವೇ ಅಮ್ಮನನ್ನು ತಪಾಸಣೆಗೆ ಕರೆದುಕೊಂಡು ಹೋದೆ.

ಅಕ್ಕನೂ ತಪಾಸಣೆ ಮಾಡಿಸಿಕೊಂಡರು. ಎಲ್ಲ ಸರಿಯಾಗಿದೆ. ಲಸಿಕೆ ಸದ್ಯಕ್ಕೆ ಮಗಳಿಗೆ ಮಾತ್ರ, ತನಗೆ ಬೇಡ ಎಂದು ಅವರೇ ತೀರ್ಮಾನಿಸಿದರು. ಬೇರೆ ಯಾರೋ ಅದೇ ವಯಸ್ಸಿನಲ್ಲಿ ಬೇಕು ಎಂದು ತೀರ್ಮಾನಿಸಿದರೆ ಅದೂ ಸರಿಯೇ. ಯಜಮಾನರಿಗೆ ಅವರು ಏನು ಹೇಳಿದರೆಂದು ಕೇಳಿದೆ. "ಅನುಮಾನ ಅಲ್ಲ ರೀ, ಮಕ್ಕಳು ದೊಡ್ಡವರಾಗೋವರೆಗೂ ಬದುಕಬೇಕು ಅಂತ ಆಸೆ ಅಂದೆ" ಅಂದರು. ತಪಾಸಣೆಯ ದಿನ ಯಜಮಾನರೇ ಬೈಕಿನಲ್ಲಿ ಕರೆದುಕೊಂಡು ಬಂದಿದ್ದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ಕಾದು ಕುಳಿತಿದ್ದರು.

ಪ್ರಿಯರೇ, ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಮಾತು ಎತ್ತಿದರೆ ದಯವಿಟ್ಟು ಮೊದಲು ಕೇಳಿಸಿಕೊಳ್ಳಿ. ಉತ್ತರ ಆಮೇಲೆ ಹುಡುಕೋಣ. ಜೊತೆಗೆ ಬರಲು ಯಾರಾದರೂ ಬೇಕಿದ್ದರೆ ಬಲಿಪೂಜೆಯ ನಂತರ ನನಗೆ ಹೇಳಿ. ಮಾತೆ ಮರಿಯಮ್ಮನವರು ನಮ್ಮ ಮನೆಗಳ ಎಲ್ಲ ತಾಯಂದಿರನ್ನೂ ಹೆಣ್ಣುಮಕ್ಕಳನ್ನೂ ಕಾಪಾಡಲಿ.

ಯುವಜನ ಸಂಯೋಜಕಿ, ಹಿಂದೂಪುರ